ಬೆರಳು ಹೋಗದ ಬೇಲಿ

ಬೇಲಿ ಹಾಕಬೇಕೆಂಬ ಕಾಗದ ಬಂದ ದಿನ ಆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ, ತಾತನೊಬ್ಬರನ್ನು ಬಿಟ್ಟು. ತಾತ ಐವತ್ತು ವರ್ಷ ದರ್ಜಿಯಾಗಿದ್ದವರು. ಬೆಳಗಾದರೆ ಮದುವೆ, ಬಟ್ಟೆಗೆ ಇನ್ನೂ ಕತ್ತರಿಯೇ ತಾಗಿಲ್ಲ ಎನ್ನುವಂಥ ದಿನಗಳಲ್ಲೂ ನೆಮ್ಮದಿಯಾಗಿ ಉಂಡು ಕೈತೊಳೆದವರು. ಒಂದು ಕಾಗದಕ್ಕೆ ಹೆದರಿ ಅನ್ನ ಬಿಡುವ ಜಾಯಮಾನ ಅವರದಲ್ಲ.

ಕಾಗದ ಬಂದದ್ದು ಪರವಾನಗಿ ಕಚೇರಿಯಿಂದ, ಸೊಸೆಯ ಹೆಸರಿಗೆ. ಅವಳು ಕೆಲಸಕ್ಕೆ ಹೋಗುವ ತಾಯಂದಿರ ಏಳು ಮಕ್ಕಳನ್ನು ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಮೊದಲು ಒಂಬತ್ತು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ದುಪ್ಪಟಿ ಎತ್ತಿ ಎತ್ತಿ ಸೊಂಟ ಹಾಳು ಮಾಡಿಕೊಂಡಿದ್ದಳು. ಮನೆ ಬೀದಿಯ ಕಟ್ಟಕಡೆಯದು. ಅಂಗಳ ಮುಗಿದರೆ ಮರಳು, ಮರಳು ದಾಟಿದರೆ ಲಾರಿಗಳ ಹೆದ್ದಾರಿ. ಕಾಗದದಲ್ಲಿ ಇದ್ದದ್ದು ಎರಡೇ ಮಾತು. ಎಂಟು ವಾರದೊಳಗೆ ಅಂಗಳದ ಮೂರು ಕಡೆಗೂ ಐದಡಿ ಎತ್ತರದ ಬೇಲಿ ಆಗಬೇಕು. ಆ ಬೇಲಿಯಲ್ಲಿ ಮಗುವಿನ ಬೆರಳು ತೂರುವಂಥ ಸಂದು ಎಲ್ಲಿಯೂ ಇರಬಾರದು. ವಾಯಿದೆ ಮುಗಿದ ದಿನ ತಪಾಸಣೆ; ತಪ್ಪಿದರೆ ಪರವಾನಗಿ ರದ್ದು.

"ರದ್ದಾದ್ರೆ ನಾನು ವಾಪಸ್ ಲಾಂಡ್ರಿಗೆ ಹೋಗ್ಬೇಕು," ಎಂದಳು ಸೊಸೆ. ತಟ್ಟೆಯ ಮುಂದೆ ಕೂತೇ ಇದ್ದಳು, ತುತ್ತು ಎತ್ತಿರಲಿಲ್ಲ. "ಬೇರೆ ಎಲ್ಲಿ ಕರೀತಾರೆ ನನ್ನ? ಮನೆ ನಡೀಬೇಕಲ್ಲ."

"ಗೋಡೆ ಕಟ್ಟಿಸಿಬಿಟ್ರೆ?" ಎಂದರು ತಾತ, ಇನ್ನೊಂದು ಹಿಡಿ ಅನ್ನ ಹಾಕಿಸಿಕೊಳ್ಳುತ್ತ.

"ಬಾಡಿಗೆ ಮನೆ ಅಪ್ಪ. ಒಂದು ಇಟ್ಟಿಗೆ ಇಟ್ರೂ ಮಾಲೀಕರು ಕುಣಿದಾಡ್ತಾರೆ," ಎಂದ ಮಗ. ಅವನು ಬಸ್ ಡ್ರೈವರ್. ಆ ದಿನದ ಪಾಳಿ ಮುಗಿಸಿ ಆಗತಾನೆ ಬಂದಿದ್ದ, ಹುಬ್ಬಿನಲ್ಲಿ ಇನ್ನೂ ಧೂಳಿತ್ತು.

"ತಗಡು ಹೊಡೀರಿ."

"ಈ ಬಿಸಿಲಿಗೆ ತಗಡು ಕಾದ ಹೆಂಚಾಗುತ್ತೆ ಮಾವ. ಮಕ್ಕಳ ಕೈಗೆ ಬೊಬ್ಬೆ ಬರುತ್ತೆ."

ಹಾಗಾಗಿ ಉಳಿದದ್ದು ಮರ. ಮರುದಿನ ಒಬ್ಬ ಕಂಟ್ರಾಕ್ಟರ್ ಬಂದ. ಅಂಗಳವನ್ನು ಕಣ್ಣಲ್ಲೇ ಅಳೆದ, ಮರಳನ್ನು ಕಾಲಲ್ಲಿ ಕೆದಕಿದ, ತೊಂಬತ್ತು ಸಾವಿರ ಎಂದ. ಮನೆಯಲ್ಲಿ ಕೂಡಿಸಿಟ್ಟದ್ದು ಮೂವತ್ತೆಂಟು. ಕಂಟ್ರಾಕ್ಟರ್ ಚಹಾ ಕುಡಿದು ಹೋದ ಮೇಲೆ ಮಗ ತೋಳು ಮಡಚಿದ.

"ನಾವೇ ಹಾಕ್ಕೊಳ್ಳೋಣ. ಕಂಬ ನೆಟ್ಟು ಹಲಗೆ ಹೊಡೆಯೋಕೆ ಏನು ಮಹಾ ವಿದ್ಯೆ ಬೇಕು?"

"ಹೋದ ವರ್ಷ ನೀವು ಒಂದು ಮೊಳೆ ಹೊಡೆದಿರಿ," ಎಂದಳು ಸೊಸೆ. "ಕ್ಯಾಲೆಂಡರ್ ನೇತು ಹಾಕಿದೆ. ಕ್ಯಾಲೆಂಡರ್ ಜೊತೆ ಗೋಡೆ ಗಾರೆನೂ ಕೆಳಗೆ ಬಂತು."

"ಅದು ಗೋಡೆ ತಪ್ಪು."

ಮೊಮ್ಮಗಳಿಗೆ ಹದಿನಾರು. ಮನೆಯಲ್ಲಿ ಅವಳನ್ನು ಮಂತ್ರಿ ಎಂದು ಕರೆಯುತ್ತಿದ್ದರು, ತಿಂಗಳ ಖರ್ಚಿನ ಪಟ್ಟಿ ಅವಳ ಕೈಯಲ್ಲಿದ್ದದ್ದರಿಂದ. ಅವಳು ತಾತನ ಹಳೆಯ ಅಳತೆ ಪುಸ್ತಕ ತಂದು, ಯಾರದೋ ತೋಳು, ಯಾರದೋ ಸೊಂಟದ ಅಳತೆಗಳ ನಂತರ ಖಾಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯಲು ಕೂತಳು. ಮೂರು ಕಡೆ ಇಪ್ಪತ್ತಿಪ್ಪತ್ತು ಅಡಿ, ಒಟ್ಟು ಅರವತ್ತು. ಕಂಬ ಹತ್ತು. ಅರ್ಧ ಅಡಿ ಅಗಲದ ಹಲಗೆ ನೂರಿಪ್ಪತ್ತು.

"ಬೇಲಿಯಮ್ಮನ ಎದೆ ಸುತ್ತಳತೆ ಎಷ್ಟು ಬಂತು?" ಎಂದು ಕೇಳಿದರು ತಾತ.

"ತಮಾಷೆ ಸಾಕು ತಾತ. ಒಣಗಿದ ಹಲಗೆ ಒಂದಕ್ಕೆ ಇನ್ನೂರು. ಹಲಗೆಗೇ ಇಪ್ಪತ್ನಾಲ್ಕು ಸಾವಿರ ಆಗುತ್ತೆ. ಕಂಬ, ಅಡ್ಡಪಟ್ಟಿ, ಸಿಮೆಂಟು, ಜಲ್ಲಿ, ಮೊಳೆ, ಬಾಗಿಲಿನ ಕೀಲು, ಹಚ್ಚೋ ಎಣ್ಣೆ ಎಲ್ಲ ಸೇರಿಸಿದ್ರೆ ನಲವತ್ತಾರು ದಾಟುತ್ತೆ."

"ಎಣ್ಣೆ ಬಿಡು," ಎಂದ ಮಗ. "ನಮ್ಮ ಬಸ್ ಡಿಪೋದಲ್ಲಿ ಹಳೇ ಇಂಜಿನ್ ಎಣ್ಣೆ ಪುಕ್ಕಟೆ ಸಿಗುತ್ತೆ."

"ಮಕ್ಕಳು ಬೇಲಿ ನೆಕ್ತಾವೆ ರೀ!"

"ಬೇಲಿ ಯಾಕೆ ನೆಕ್ತಾವೆ?"

"ಅವು ಮಕ್ಕಳು. ಯಾಕೆ ಅಂತ ಅವನ್ನೇ ಕೇಳಿ."

ಎಣ್ಣೆ ಪಟ್ಟಿಯಲ್ಲೇ ಉಳಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸರಿಯೇ, ಆದರೆ ಹಾಸಿಗೆಯೇ ಎಂಟು ಸಾವಿರ ಗಿಡ್ಡ. ಮಂತ್ರಿ ಪೆನ್ಸಿಲಿನ ತುದಿ ಕಚ್ಚುತ್ತ ವಾರಕ್ಕೆ ಮೂರು ದಿನ ಮೊಟ್ಟೆಗೆ ರಜೆ ಘೋಷಿಸಿದಳು. ಅದರಿಂದ ಉಳಿಯುವುದು ಮೊಳೆಗೂ ಸಾಲದು ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಯಾರೂ ತಕರಾರು ಎತ್ತಲಿಲ್ಲ.

ಭಾನುವಾರ ತಾತ, ಮಗ, ಮೊಮ್ಮಗಳು ಮೂವರೂ ಟಿಂಬರ್ ಡಿಪೋಗೆ ಹೋದರು. ಒಂದು ಮೂಲೆಯಲ್ಲಿ ಏಳಡಿ ಉದ್ದದ ಹಲಗೆಗಳ ರಾಶಿ ಇತ್ತು. ತಲಾ ನೂರಿಪ್ಪತ್ತಕ್ಕೇ ಕೊಡುತ್ತೇನೆ ಎಂದ ಡಿಪೋದವನು. ಮಂತ್ರಿ ಅಲ್ಲೇ ನಿಂತು ಮತ್ತೆ ಕೂಡಿಸಿದಳು. ಎಲ್ಲ ಸೇರಿ ಮೂವತ್ತೇಳು ಸಾವಿರ, ಕೈಯಲ್ಲಿ ಇನ್ನೂ ಒಂದು ಸಾವಿರ ಉಳಿಯುತ್ತಿತ್ತು. ಮಗನ ಮುಖ ಅರಳಿತು.

ತಾತ ಮಾತ್ರ ಒಂದು ಹಲಗೆ ಎತ್ತಿ ತೂಗಿದರು, ಮೂಸಿದರು, ಕೆನ್ನೆಗೆ ಒತ್ತಿಕೊಂಡರು. ಪೊರೆ ಬಂದು ಅವರ ಕಣ್ಣು ಮಂಜಾಗಿತ್ತು; ಈಗ ನೋಡುವ ಕೆಲಸವನ್ನೆಲ್ಲ ಕೈ, ಕೆನ್ನೆಗಳೇ ಮಾಡುತ್ತಿದ್ದವು.

"ಇದು ಹಸಿ ಕಣೋ. ಮೈ ತುಂಬ ನೀರಿದೆ."

"ಒಣಗಿದ ಮಾಲೇ ಯಜಮಾನ್ರೇ," ಎಂದ ಡಿಪೋದವನು. "ಬೆಳಗ್ಗೆ ಒಂಚೂರು ಮಳೆ ಹನಿ ಬಿದ್ದಿರ್ಬೇಕು."

"ಈ ಊರಲ್ಲಾ?" ಎಂದಳು ಮೊಮ್ಮಗಳು. ಅವಳು ಹುಟ್ಟಿದ ಮೇಲೆ ಅಲ್ಲಿ ಮಳೆ ಬಂದದ್ದು ನಾಲ್ಕು ಸಲ.

"ನೆನೆಸದೇ ಇರೋ ಬಟ್ಟೆಗೆ ಕತ್ತರಿ ಹಾಕಿದ್ರೆ ಏನಾಗುತ್ತೆ?" ತಾತ ಮಗನ ಕಡೆ ತಿರುಗಿದರು. "ಮೊದಲನೇ ಒಗೆತಕ್ಕೆ ಅಪ್ಪನ ಅಂಗಿ ಮಗನಿಗೆ ಆಗುತ್ತೆ. ಮರಾನೂ ಹಾಗೇ, ಆದ್ರೆ ತಿರುಗಾಮುರುಗಾ. ಅದು ಒಣಗಿದಾಗ ಕುಗ್ಗುತ್ತೆ. ಆರು ವಾರ ಬಿಸಿಲು ಕಾಯಿಸಿ ಆಮೇಲೆ ಹೊಡಿ."

"ಉಳಿದಿರೋದೇ ಆರೂವರೆ ವಾರ. ಕಂಬ ಯಾವಾಗ ನೆಡೋದು, ಬೇಲಿ ಯಾವಾಗ ಮಾಡೋದು?"

"ಹಾಗಾದ್ರೆ ಒಣಗಿದ್ದನ್ನೇ ತಗೋ."

"ದುಡ್ಡು ನೀನು ಕೊಡ್ತೀಯಾ?" ಎಂದ ಮಗ. ಬಾಯಿಂದ ಬಂದ ಮಾತು ತನಗೇ ಚುಚ್ಚಿತು, ಆದರೂ ನಿಲ್ಲಿಸಲಿಲ್ಲ. "ಅಪ್ಪ, ನೀನು ಬಟ್ಟೆಯವನು. ಮರದ ವಿಚಾರ ಬಿಟ್ಟುಬಿಡು."

ತಾತ ಹಲಗೆಯನ್ನು ಮೆಲ್ಲಗೆ ರಾಶಿಯ ಮೇಲಿಟ್ಟರು. ಮಗ ಆ ಹಲಗೆಗಳನ್ನೇ ಕೊಂಡ. ಅಂದು ರಾತ್ರಿ ಊಟವನ್ನೂ ಅರ್ಧಕ್ಕೇ ಬಿಟ್ಟು ಎದ್ದರು. ಕಾಗದಕ್ಕೆ ಬಗ್ಗದ ಹಸಿವು ಮಗನ ಮಾತಿಗೆ ಬಗ್ಗಿತ್ತು.

ಕೆಲಸ ಶುರುವಾಯಿತು. ಮಗ ಪಾಳಿ ಮುಗಿಸಿ ಬಂದು, ಬಿಸಿಲು ಇಳಿದ ಮೇಲೆ ಕುಣಿ ತೋಡುತ್ತಿದ್ದ. ಒಂದಡಿ ತೋಡಿದರೆ ಅರ್ಧ ಅಡಿ ಮರಳು ಮತ್ತೆ ಒಳಗೆ ಜಾರುತ್ತಿತ್ತು. ಸೊಸೆ ಏಳು ಮಕ್ಕಳನ್ನು ಕಳಿಸಿ, ಸೊಂಟಕ್ಕೆ ಬಟ್ಟೆ ಬಿಗಿದು, ಜಲ್ಲಿ ಹೊರುತ್ತಿದ್ದಳು. ಮೊಮ್ಮಗಳು ದಾರ ಎಳೆದು ಕಂಬ ನೆಟ್ಟಗಿದೆಯೇ ನೋಡುತ್ತಿದ್ದಳು. ಪಡುವಣ ಗಾಳಿ ಎದ್ದ ದಿನ ಅನ್ನದಲ್ಲಿ, ಚಹಾದಲ್ಲಿ, ಹಾಸಿಗೆಯಲ್ಲಿ ಮರಳು. ಮಗನ ಎಡಗೈ ಹೆಬ್ಬೆರಳಿಗೆ ಸುತ್ತಿಗೆಯ ಏಟು ಬಿದ್ದು ಉಗುರು ಕಪ್ಪಾಯಿತು. ಎರಡು ದಿನ ಬಸ್ಸಿನ ಹಾರ್ನ್ ಒತ್ತಲೂ ಆಗಲಿಲ್ಲ ಎಂದು ಹೇಳಿಕೊಂಡು ತಾನೇ ನಕ್ಕ.

ಏಳಡಿಯ ಹಲಗೆಯನ್ನು ಐದಡಿಗೆ ಕೊಯ್ದಾಗ ಪ್ರತಿಯೊಂದರಿಂದಲೂ ಎರಡಡಿಯ ತುಂಡು ಉಳಿಯಿತು. ನೂರಿಪ್ಪತ್ತು ತುಂಡು.

"ಬೇಕರಿಯವರು ಸೌದೆಗೆ ಕೇಳಿದ್ದಾರೆ, ಆರುನೂರು ಕೊಡ್ತಾರಂತೆ," ಎಂದ ಮಗ ಊಟದ ಹೊತ್ತಿಗೆ.

"ಕೊಡಬೇಡ," ಎಂದರು ತಾತ.

"ಯಾಕೆ?"

"ದರ್ಜಿ ಮನೇಲಿ ಚಿಂದಿ ಎಸೆಯಲ್ಲ."

"ಇದು ಚಿಂದಿ ಅಲ್ಲ ಅಪ್ಪ, ಸೌದೆ!"

"ನಿನ್ನ ಮೊದಲನೇ ಶಾಲೆ ಚೀಲ ಯಾವುದರಲ್ಲಿ ಹೊಲಿದಿದ್ದೆ ನಾನು? ನಿಮ್ಮಮ್ಮನ ಕೌದಿ? ಹೇಳು."

"ಈಗ ಮರದಲ್ಲಿ ಕೌದಿ ಹೊಲೀತೀಯಾ?"

ಸೊಸೆ ಪಾತ್ರೆಯನ್ನು ಟಪ್ಪೆಂದು ಇಟ್ಟಳು. "ಆರುನೂರಕ್ಕೆ ನನ್ನ ಅಡುಗೆ ಆರಿಸಬೇಡಿ ಇಬ್ರೂ. ಮಾವ ಇಟ್ಕೊಳ್ಳಲಿ. ಹಿತ್ತಲಲ್ಲಿ ಜಾಗ ಇದೆ."

ಅಂದಿನಿಂದ ತಾತನಿಗೊಂದು ಉದ್ಯೋಗವಾಯಿತು. ಬೆಳಗಾಗುತ್ತಲೇ ಹಿತ್ತಲಿನ ಬಿಸಿಲಿಗೆ ತುಂಡುಗಳನ್ನು ಒಂದೊಂದಾಗಿ ಹರವುವುದು, ಮಧ್ಯಾಹ್ನ ಮಗುಚುವುದು, ಸಂಜೆ ಗಾಳಿಯಾಡುವಂತೆ ಅಡ್ಡಡ್ಡ ಪೇರಿಸುವುದು. ಮಗ ಅದನ್ನು ನೋಡಿ ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಮುದುಕರಿಗೆ ಹೊತ್ತು ಹೋಗಬೇಕಲ್ಲ ಎಂದುಕೊಂಡಳು ಅವಳೂ.

ಐದನೆಯ ವಾರದ ಕೊನೆಗೆ ಬೇಲಿ ಮುಗಿಯಿತು. ಹಲಗೆಗೆ ಹಲಗೆ ಅಂಟಿಕೊಂಡು, ನಡುವೆ ಕೂದಲು ತೂರದಂತೆ ನಿಂತಿತು. ಎಣ್ಣೆ ಹಚ್ಚಿದ ಮೇಲೆ ಜೇನಿನ ಬಣ್ಣ ಬಂತು. ಮಕ್ಕಳನ್ನು ಬಿಡಲು ಬಂದ ತಾಯಂದಿರು ಬೇಲಿಯನ್ನು ಸವರಿ ಸವರಿ ಹೊಗಳಿದರು. ಮಗ ಎದೆಯುಬ್ಬಿಸಿ ಓಡಾಡಿದ. ಅಂದು ಮೊಟ್ಟೆಯ ರಜೆ ಮುಗಿಯಿತು, ತಲೆಗೆರಡು. ತಾತನೂ ಬೇಲಿಯ ಉದ್ದಕ್ಕೂ ಕೈಯಾಡಿಸುತ್ತ ನಡೆದು, "ಚೆನ್ನಾಗಿ ಬಂದಿದೆ," ಎಂದರು. ಅದು ಸುಳ್ಳಲ್ಲ, ಆ ದಿನದ ಮಟ್ಟಿಗೆ.

ಆರನೆಯ ವಾರ ಬಿಸಿಗಾಳಿ ಬೀಸಿತು. ಹಗಲು ಬಾಗಿಲು ತೆರೆದರೆ ಒಲೆಯ ಬಾಯಿಗೆ ಮುಖವೊಡ್ಡಿದಂತೆ. ಮಕ್ಕಳನ್ನು ಒಳಗೇ ಆಡಿಸಿದರು, ಬೇಲಿಯ ಹತ್ತಿರ ಯಾರೂ ಸುಳಿಯಲಿಲ್ಲ. ಗಾಳಿ ನಿಂತ ಮೇಲೆ ಮಕ್ಕಳನ್ನು ಹೊರಗೆ ಬಿಟ್ಟ ಹತ್ತೇ ನಿಮಿಷಕ್ಕೆ ಕಿಟಾರನೆ ಕಿರುಚಾಟ ಕೇಳಿತು.

ಕಿರುಚಿದ್ದು ಬೆರಳಮ್ಮ. ಏಳು ಮಕ್ಕಳಲ್ಲಿ ಅವಳೇ ಚಿಕ್ಕವಳು, ಎರಡೂವರೆ ವರ್ಷದವಳು. ಕೀಲಿಕೈ ತೂತು, ಬಾಟಲಿಯ ಬಾಯಿ, ಮಲಗಿದವರ ಮೂಗು, ಕಂಡಲ್ಲಿ ಬೆರಳು ತೂರಿಸುವ ಅವಳಿಗೆ ತಾತನೇ ಆ ಹೆಸರಿಟ್ಟಿದ್ದರು. ಈಗ ಅವಳ ತೋರುಬೆರಳು ಎರಡು ಹಲಗೆಯ ನಡುವೆ ಸಿಕ್ಕಿಕೊಂಡಿತ್ತು. ಸೊಸೆ ಸೋಪಿನ ನೀರು ಸುರಿದು, ಮುದ್ದು ಮಾಡಿ, ಬೆವರಿ, ಕೊನೆಗೆ ಬಿಡಿಸಿದಳು. ಬೆರಳು ತರಚಿ ಕೆಂಪಾಗಿತ್ತು. ಅವಳನ್ನು ಸೊಂಟದ ಮೇಲೆ ಇಟ್ಟುಕೊಂಡೇ ಸೊಸೆ ಬೇಲಿಯನ್ನು ನೋಡುತ್ತ ಹೋದಳು. ಪ್ರತಿ ಹಲಗೆಯ ಪಕ್ಕದಲ್ಲೂ ಬೆಳಕಿನ ಗೀರು. ಬೇಲಿಗೆ ಬೇಲಿಯೇ ಹಲ್ಲು ಕಿರಿಯುತ್ತಿತ್ತು.

ಸಂಜೆ ಬಂದ ಮಗ ಒಂದೊಂದು ಸಂದಿಗೂ ತನ್ನ ಕಿರುಬೆರಳು ಇಟ್ಟು ನೋಡಿದ. ಆಮೇಲೆ ನೆಲಕ್ಕೆ ಕುಸಿದು ಕೂತ.

"ಹೇಳಿಬಿಡು ಅಪ್ಪ," ಎಂದ. "ನಾನು ಹೇಳಿದ್ದೆ ಅಂತ ಹೇಳಿಬಿಡು. ಅಗ್ಗ ಅಂತ ಮುಗ್ಗಿದ ಜೋಳ ಕೊಂಡೆ. ಬೈ."

"ಬೈದ್ರೆ ಸಂದು ಮುಚ್ಚುತ್ತಾ?" ಎಂದರು ತಾತ.

ಮಂತ್ರಿ ಪುಸ್ತಕ ತೆರೆದಳು. ಉಳಿದದ್ದು ನಾನೂರು. ಸಂದು ಮುಚ್ಚಲು ಒಣಗಿದ ಪಟ್ಟಿ ಕೊಳ್ಳಬೇಕೆಂದರೆ ಎಂಟು ಸಾವಿರ. ತಪಾಸಣೆಗೆ ಹನ್ನೊಂದು ದಿನ. ಅವಳು ಪುಸ್ತಕ ಮುಚ್ಚಿ ಅಮ್ಮನ ಮುಖ ನೋಡಿದಳು. ಅಮ್ಮ ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ಲಾಂಡ್ರಿಯ ಬಿಳಿ ಕೋಟು ತೆಗೆದು, ಒಗೆದು, ಹಗ್ಗದ ಮೇಲೆ ಹರವಿದಳು. ಅದನ್ನು ನೋಡಿ ಮಗ ಎದ್ದು ಬೀದಿಗೆ ಹೋದ. ಅವನಿಗೆ ಅಳು ಬಂದಿತ್ತು.

ಬೆಳಗ್ಗೆ ಚಹಾದ ಹೊತ್ತಿಗೆ ತಾತ ಒಂದು ಮರದ ತುಂಡು, ಒಂದು ಕುಪ್ಪಸದ ಚೂರು ಹಿಡಿದು ಬಂದರು. ತುಂಡನ್ನು ಮಗನ ಕೈಗಿಟ್ಟರು.

"ತೂಗು."

"ಹಗುರ ಇದೆ."

"ನಾಲ್ಕು ವಾರ ಬಿಸಿಲು ತಿಂದಿದೆ. ಚಿಕ್ಕ ತುಂಡು, ಬೇಗ ಒಣಗ್ತು. ಕುಗ್ಗೋದೆಲ್ಲ ಕುಗ್ಗಿದೆ. ಇದನ್ನ ಉದ್ದಕ್ಕೆ ಸೀಳಿದ್ರೆ ಮೂರು ಪಟ್ಟಿ, ಎರಡೆರಡು ಅಡಿ. ಮೂರೆರಡಲ ಆರು. ಬೇಲಿ ಎತ್ತರ ಐದು." ತಾತ ಮೊಮ್ಮಗಳ ಕಡೆ ತಿರುಗಿದರು. "ಏನು ಮಂತ್ರಿಗಳೇ, ತುಂಡು ಎಷ್ಟಿದೆ?"

"ನೂರಿಪ್ಪತ್ತು!" ಅವಳು ಕೂತಲ್ಲಿಂದ ಎದ್ದಳು. "ಸಂದೂ ಅಷ್ಟೇ ತಾತ! ಸಂದಿಗೊಂದು ತುಂಡು!"

"ತುಂಡು ತುಂಡು ಜೋಡಿಸಿದ್ರೆ ಆ ಜೋಡಣೆಯಲ್ಲೇ ಸಂದು ಬೀಳುತ್ತಲ್ಲ ಅಪ್ಪ?" ಎಂದ ಮಗ. ಈ ಸಲ ಅದು ಕೊಂಕಲ್ಲ, ನಿಜವಾದ ಪ್ರಶ್ನೆ.

ತಾತ ಕುಪ್ಪಸದ ಚೂರನ್ನು ಬೆಳಕಿಗೆ ಹಿಡಿದರು. ಕುತ್ತಿಗೆಯ ಅಂಚಿಗೆ ಕೊಟ್ಟ ಪಟ್ಟಿ ಮೂರು ಕಡೆ ಜೋಡಿಸಿದ್ದು, ಹುಡುಕಿದರೂ ಕಾಣುವಂತಿರಲಿಲ್ಲ. "ನೇರ ಕತ್ತರಿಸಿ ಜೋಡಿಸಿದ್ರೆ ಬಾಯಿ ಬಿಡುತ್ತೆ. ಓರೆ ಕತ್ತರಿಸಿ ಒಂದರ ಮೇಲೊಂದು ಕೂರಿಸಿದ್ರೆ ಬಿಡಲ್ಲ. ಐವತ್ತು ವರ್ಷ ಇದೇ ಮಾಡಿದೀನಿ. ಇನ್ನೊಂದು ಮಾತು. ಪಟ್ಟಿಗೆ ಒಂದೇ ಅಂಚಲ್ಲಿ ಮೊಳೆ, ಒಂದೇ ಹಲಗೆಗೆ. ಇನ್ನೊಂದು ಅಂಚು ಪಕ್ಕದ ಹಲಗೆ ಮೇಲೆ ಸುಮ್ಮನೆ ಕೂತಿರಲಿ. ಎರಡೂ ಕಡೆ ಬಿಗಿದ್ರೆ ಹಲಗೆ ಕುಗ್ಗಿದಾಗ ಸೀಳುತ್ತೆ. ಒಳಗೆ ಅಲ್ಲಾಡೋಕೆ ಜಾಗ ಬಿಡಬೇಕು."

ಮಗ ಆ ಪಟ್ಟಿಯನ್ನು ಸವರಿ ನೋಡಿದ. ತಲೆ ತಗ್ಗಿಸಿಕೊಂಡೇ ಕೇಳಿದ: "ಯಾವ ಅಂಚಿಗೆ ಹೊಡೀಬೇಕು ಅಪ್ಪ? ಎಡಕ್ಕೋ, ಬಲಕ್ಕೋ?"

"ಗಾಳಿ ಬರೋ ಕಡೆ ಅಂಚಿಗೆ," ಎಂದರು ತಾತ. ಚಹಾ ಇನ್ನೊಂದು ಲೋಟ ಕೇಳಿದರು. ಹಸಿವೂ ಆಗಿತ್ತು, ಬ್ರೆಡ್ಡು ಮೂರು ಚೂರು ತಿಂದರು.

ಸೀಳಲು ಯಂತ್ರ ಬೇಕಿತ್ತು, ಸೀಳುವ ಕೂಲಿಗೆ ನಾನೂರು ಸಾಲದು. ಸೊಸೆ ಬೆರಳಮ್ಮನ ತಾಯಿಯನ್ನು ಕೇಳಿ, ಬ್ಯಾಂಡೇಜು ಕಟ್ಟಿದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಮಗಳ ಜೊತೆ ಟಿಂಬರ್ ಡಿಪೋಗೆ ಹೋದಳು.

"ಒಣಗಿದ ಮಾಲು ಅಂದಿದ್ರಂತಲ್ಲ ಅಣ್ಣ," ಎಂದಳು, ಮೂರು ಜನ ಗಿರಾಕಿಗಳ ಮುಂದೆ. "ನೋಡಿ, ನಿಮ್ಮ ಒಣಗಿದ ಮಾಲು ಏನು ಮಾಡಿದೆ."

ಬೆರಳಮ್ಮ ಯಾರೋ ಹೇಳಿಕೊಟ್ಟಿದ್ದಾರೋ ಎಂಬಂತೆ ಬೆರಳು ಎತ್ತಿ ತೋರಿಸಿದಳು. ಹೇಳಿಕೊಟ್ಟಿರಲಿಲ್ಲ, ಆ ಬ್ಯಾಂಡೇಜನ್ನು ಅವಳು ಎರಡು ದಿನದಿಂದ ಊರಿಗೆಲ್ಲ ತೋರಿಸುತ್ತಿದ್ದಳು. ಡಿಪೋದವನ ಕಿವಿ ಕೆಂಪಾಯಿತು. ಮಳೆಯ ಮಾತು ಈ ಸಲ ಎತ್ತಲಿಲ್ಲ. ತನ್ನ ಗಾಡಿಯನ್ನೇ ಕಳಿಸಿ ತುಂಡುಗಳನ್ನು ತರಿಸಿದ, ಎಲ್ಲವನ್ನೂ ಸೀಳಿಸಿದ, ಅಂಚು ನಯ ಮಾಡಿಸಿದ, ಕಾಸು ಬೇಡವೆಂದ. ನಾನೂರು ಸಣ್ಣ ಮೊಳೆಗೆ ಸರಿಹೋಯಿತು.

ಮುಂದಿನ ಎಂಟು ಸಂಜೆ ಆ ಅಂಗಳ ದರ್ಜಿಯಂಗಡಿಯಾಯಿತು. ತಾತ ನೆಲದ ಮೇಲೆ ಕೂತು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಓರೆ ಗೆರೆ ಎಳೆದರು. ಮೊಮ್ಮಗಳು ಗರಗಸ ಹಿಡಿದಳು. ಸೊಸೆ ಎಣ್ಣೆ ಹಚ್ಚಿದಳು. ಮಗ ಮೊಳೆ ಹೊಡೆದ, ಒಂದೇ ಅಂಚಿಗೆ. ಪ್ರತಿ ಜೋಡಣೆಯ ಮೇಲೂ ತಾತ ಹೆಬ್ಬೆರಳು ಆಡಿಸಿ, ಸರಿಯಿದ್ದರೆ "ಹೂಂ" ಎನ್ನುವರು, ಇಲ್ಲದಿದ್ದರೆ "ಬಿಚ್ಚು." ಹದಿನಾಲ್ಕು ಸಲ ಬಿಚ್ಚಿಸಿದರು. ಹದಿನೈದನೆಯ ಸಲ ಮಗ, "ಅಪ್ಪ, ನಿನ್ನ ಅಂಗಡೀಲಿ ಕೆಲಸಕ್ಕೆ ಯಾರೂ ನಿಲ್ತಿರಲಿಲ್ಲ ಯಾಕೆ ಅಂತ ಈಗ ಗೊತ್ತಾಯ್ತು," ಎಂದ. ತಾತ ಬಿದ್ದು ಬಿದ್ದು ನಕ್ಕರು. ಆ ಮನೆಯಲ್ಲಿ ಅಂಥ ನಗು ಕೇಳಿ ಬಹಳ ದಿನವಾಗಿತ್ತು. ಆದರೂ ಆ ಪಟ್ಟಿಯನ್ನು ಬಿಚ್ಚಿಸಿದರು.

ಹಗ್ಗದ ಮೇಲೆ ಬಿಳಿ ಕೋಟು ಹಾಗೆಯೇ ನೇತಾಡುತ್ತಿತ್ತು. ಒಣಗಿ ಎಷ್ಟೋ ದಿನವಾಗಿತ್ತು, ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

ತಪಾಸಣೆಯ ದಿನ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು, ಮಾತು ಕಮ್ಮಿ. ಚೀಲದಿಂದ ಮಗುವಿನ ಬೆರಳಿನಷ್ಟು ದಪ್ಪದ ಒಂದು ಕೋಲು ತೆಗೆದರು. ಬೇಲಿಯ ಒಂದು ತುದಿಯಿಂದ ಶುರುಮಾಡಿ ಮೇಲೆ, ನಡುವೆ, ಕೆಳಗೆ ಚುಚ್ಚುತ್ತ ಹೋದರು. ಮಗ ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದ. ಸೊಸೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಹೇಳುತ್ತಿದ್ದ ಕಥೆಯಲ್ಲಿ ಒಂದೇ ಸಾಲನ್ನು ಮೂರು ಸಲ ಹೇಳಿದಳು. ಅವಳ ಕಣ್ಣು ಆ ಕೋಲಿನ ಹಿಂದೆಯೇ ಇತ್ತು.

ಮೂರು ಕಡೆ ಮುಗಿಯಿತು. ಕೋಲು ಎಲ್ಲೂ ಒಳಗೆ ಹೋಗಲಿಲ್ಲ. ಅಧಿಕಾರಿ ಓರೆ ಜೋಡಣೆಯೊಂದರ ಮುಂದೆ ನಿಂತು ಬಗ್ಗಿ ನೋಡಿದರು.

"ಇದು ಬಡಗಿ ಕೆಲಸ ಅಲ್ವಲ್ಲ?"

"ಅಲ್ಲ ಮೇಡಂ," ಎಂದ ಮಗ. "ಇದು ನಮ್ಮಪ್ಪನ ಹೊಲಿಗೆ."

ಅಧಿಕಾರಿ ಪೆನ್ನು ತೆಗೆಯುವಷ್ಟರಲ್ಲಿ ಬೆರಳಮ್ಮ ಗುಂಪಿನಿಂದ ಜಾರಿಕೊಂಡಿದ್ದಳು. ಎಲ್ಲರೂ ನೋಡುತ್ತಿದ್ದಂತೆ ಬೇಲಿಯ ಬುಡಕ್ಕೆ ಹೋಗಿ, ಹಳೆಯ ಜಾಗ ಹುಡುಕಿ ಬೆರಳು ಒತ್ತಿದಳು. ಹೋಗಲಿಲ್ಲ. ಪಕ್ಕದ ಹಲಗೆಗೆ ಒತ್ತಿದಳು. ಅದರ ಪಕ್ಕದ್ದಕ್ಕೆ ಒತ್ತಿದಳು. ಕುಕ್ಕುರುಗಾಲಲ್ಲಿ ಕೂತು ಕೆಳಗಿನಿಂದಲೂ ನೋಡಿದಳು. ಕೊನೆಗೆ ಎದ್ದು, ತುಟಿ ಸೊಟ್ಟ ಮಾಡಿಕೊಂಡು ಬಂದು ತಾತನ ಮೊಣಕಾಲು ಹಿಡಿದಳು.

"ತಾತಾ, ತೂತೇ ಇಲ್ಲ!" ಎಂದು ದೂರಿ, ಭೋರೆಂದು ಅಳಲು ತೊಡಗಿದಳು.

ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ಕೋಲನ್ನು ಚೀಲಕ್ಕೆ ಹಾಕಿ, ಕಾಗದವನ್ನು ಬೇಲಿಗೇ ಒತ್ತಿ ಹಿಡಿದು ಸಹಿ ಹಾಕಿಕೊಟ್ಟರು. ಸೊಸೆ ಅದನ್ನು ಓದಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಮಾವನ ಎದುರು ನಿಂತು ಕಣ್ಣು ಒರೆಸಿಕೊಂಡಳು.

ತಾತ ಹಗ್ಗದ ಕಡೆ ಗದ್ದ ಎತ್ತಿದರು. "ಆ ಕೋಟು ತೆಗೆದುಕೊಡಮ್ಮ. ಗಟ್ಟಿ ಬಟ್ಟೆ ಅದು. ಏಳು ಮಕ್ಕಳಿಗೂ ಬಿಸಿಲಿನ ಟೋಪಿ ಬರುತ್ತೆ."

ಮಂತ್ರಿ ಆಗಲೇ ಕತ್ತರಿ ತರಲು ಓಡಿದ್ದಳು. ಸೊಸೆ ಕೋಟನ್ನು ಹಗ್ಗದಿಂದ ಎಳೆದು ತಂದು, ಮಾವನ ಮಡಿಲಲ್ಲಿ ಹಾಕಿ, ಅಳುತ್ತಲೇ ನಕ್ಕಳು.

"ಕತ್ತರಿಸೋಕೆ ಮೊದಲು ನೆನೆಸಬೇಡ್ವಾ ಮಾವ?"

"ಒಂಬತ್ತು ವರ್ಷ ನೆಂದಿದೆಯಮ್ಮ ಅದು," ಎಂದರು ತಾತ. "ಇನ್ನು ಕುಗ್ಗಲ್ಲ."

ಮೊಮ್ಮಗಳು ಕತ್ತರಿ ತಂದುಕೊಟ್ಟಳು. ತಾತ ಬೆರಳಮ್ಮನನ್ನು ಹತ್ತಿರ ಎಳೆದುಕೊಂಡು, ಅವಳ ತಲೆಯ ಸುತ್ತ ಅಳತೆಯ ಟೇಪು ಸುತ್ತಿದರು.